ಪ್ಲೇಟ್ ಮೇಲೆ ಒಂದು, ಮೀಟರ್‌ನಲ್ಲಿ ಇನ್ನೊಂದು: ಮೋಟಾರ್, ಜನರೇಟರ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಜಾಗಕ್ಕೆ ಬಂದು ನಿಲ್ಲತ್ತೆ, ಮೋಟಾರ್ ಮೈಮೇಲೆ ರಿವೆಟ್ ಹೊಡೆದಿರೋ ಆ ಚಿಕ್ಕ ತಗಡು. ಅದರ ಮೇಲಿರೋ ಪ್ರತಿ ನಂಬರ್‌ಗೂ ಒಂದೊಂದು ಷರತ್ತು ಇರತ್ತೆ, ಆದ್ರೆ ಷರತ್ತನ್ನೆಲ್ಲ ಬರೆಯೋಕೆ ತಗಡಿನ ಮೇಲೆ ಜಾಗ ಎಲ್ಲಿದೆ, ಅದು ಸ್ಟ್ಯಾಂಡರ್ಡ್ ಒಳಗೆ ಕೂತಿರತ್ತೆ. ಬಹುಪಾಲು ದೇಶಗಳಲ್ಲಿ ಆ ಸ್ಟ್ಯಾಂಡರ್ಡ್ ಅಂದ್ರೆ ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಸಂಸ್ಥೆ ಐಇಸಿಯ 60034 ಸರಣಿ (ಅದನ್ನೇ ತಗೊಂಡು ತಮ್ಮದೇ ನಂಬರ್ ಕೊಟ್ಕೊಂಡಿರೋ ದೇಶಗಳೂ ಇವೆ), ಉತ್ತರ ಅಮೆರಿಕದಲ್ಲಿ ಅಲ್ಲಿನ ತಯಾರಕರ ಸಂಘ ನೆಮಾದ ಎಂಜಿ 1. ಐಇಸಿ ಶುರುವಾಗಿದ್ದು 1906ರಲ್ಲಿ, ಮೊದಲ ಅಧ್ಯಕ್ಷರು ಲಾರ್ಡ್ ಕೆಲ್ವಿನ್, ಅಂದ್ರೆ ಈ ತಗಡಿನ ಜಗಳ ನೂರು ವರ್ಷಕ್ಕಿಂತ ಹಳೇದು. ಸರಿ, ಪ್ರಶ್ನೆಗೆ ಬರೋಣ.

ಪ್ರಶ್ನೆ: ಸರ್, ಹೊಸ 7.5 ಕಿಲೋವ್ಯಾಟ್ ಐಇ3 ಮೋಟಾರ್ ಹಾಕ್ಸಿದೀವಿ. ಪ್ಲೇಟ್ ಮೇಲೆ 1455 ಆರ್‌ಪಿಎಂ ಅಂತಿದೆ, ಫುಲ್ ಲೋಡ್‌ನಲ್ಲಿ ಟ್ಯಾಕೋಮೀಟರ್ ಇಟ್ರೆ 1448 ಬರ್ತಿದೆ. ಪವರ್ ಮೀಟರ್‌ನಲ್ಲಿ 8.4 ಕಿಲೋವ್ಯಾಟ್. 7.5 ಅಂತ ಬರೆದು 8.4 ಎಳೆದ್ರೆ ಮೋಸ ಅಲ್ವಾ?

ಉತ್ತರ: ಅಲ್ಲ ಸರ್. ಮೋಟಾರ್ ಪ್ಲೇಟ್ ಮೇಲಿರೋ ಕಿಲೋವ್ಯಾಟ್ ಅನ್ನೋದು ಶಾಫ್ಟ್‌ನಲ್ಲಿ ಸಿಗೋ ಶಕ್ತಿ, ವೈರ್‌ನಿಂದ ಎಳೆಯೋದಲ್ಲ. 4 ಪೋಲ್, 50 ಹರ್ಟ್ಸ್, 7.5 ಕಿಲೋವ್ಯಾಟ್ ಮೋಟಾರ್‌ಗೆ ಐಇ3 (ಎಫಿಶಿಯೆನ್ಸಿ ದರ್ಜೆ, ಅಂಕಿ ಹೆಚ್ಚಿದಷ್ಟೂ ನಷ್ಟ ಕಮ್ಮಿ) ಟೇಬಲ್‌ನಲ್ಲಿ ಎಫಿಶಿಯೆನ್ಸಿ 90.4 ಪರ್ಸೆಂಟ್, 7.5ನ್ನ 0.904ರಿಂದ ಭಾಗಿಸಿದ್ರೆ 8.3 ಬರತ್ತೆ. ಇನ್ನು ಉಳಿದ 0.1 ಎಲ್ಲಿಂದ ಬಂತು ಅಂದ್ರೆ, ಐಇಸಿ 60034-1ರ ಕೊನೆ ಕಡೆ ಒಂದು ಟಾಲರೆನ್ಸ್ ಟೇಬಲ್ ಇದೆ, ಸೇಲ್ಸ್‌ನೋರು ಅದನ್ನ ಯಾವತ್ತೂ ತೋರಿಸಲ್ಲ. 150 ಕಿಲೋವ್ಯಾಟ್‌ವರೆಗಿನ ಮೆಷಿನ್‌ನಲ್ಲಿ ನಷ್ಟದ ಭಾಗ ಹೇಳಿದ್ದಕ್ಕಿಂತ 15 ಪರ್ಸೆಂಟ್ ಜಾಸ್ತಿ ಬಂದ್ರೂ ಟೆಸ್ಟ್‌ನಲ್ಲಿ ಪಾಸ್, ಅದಕ್ಕಿಂತ ದೊಡ್ಡದಕ್ಕೆ 10 ಪರ್ಸೆಂಟ್. ನಿಮ್ಮದರಲ್ಲಿ ನಷ್ಟದ ಭಾಗ 9.6, ಅದರ 15 ಪರ್ಸೆಂಟ್ ಸುಮಾರು 1.4, ಅಂದ್ರೆ ನಿಮ್ಮ ಕೈಗೆ ಬಂದಿರೋ ಆ ಒಂದು ಮೋಟಾರ್ 89 ಪರ್ಸೆಂಟ್ ಕೊಟ್ರೂ ಸ್ಟ್ಯಾಂಡರ್ಡ್ ಪ್ರಕಾರ ತಪ್ಪಿಲ್ಲ. ಆಗ ಎಳೆಯೋದು 8.43. ನೀವು ನೋಡಿದ್ದು 8.4.

ಇದನ್ನ ಕೇಳಿ ಕೆಲವರಿಗೆ ಸಿಟ್ಟು ಬರತ್ತೆ, ಹಾಗಾದ್ರೆ ಐಇ3 ಅಂತ ಬರೆಯೋದ್ಯಾಕೆ ಅಂತ. ಕಂಪನಿ ಘೋಷಿಸೋ ಅಂಕಿ ಟೇಬಲ್‌ಗಿಂತ ಕೆಳಗೆ ಇರೋ ಹಾಗಿಲ್ಲ, ಸಡಿಲಿಕೆ ಇರೋದು ಒಂದೊಂದು ಮೋಟಾರ್ ಬೇರೆ ಬೇರೆ ಬರತ್ತಲ್ಲ ಅದಕ್ಕೆ, ಮತ್ತೆ ಅಳತೆಯಲ್ಲೇ ಇರೋ ಅನಿಶ್ಚಿತತೆಗೆ.

ಸ್ಪೀಡ್ ವಿಷಯ. 4 ಪೋಲ್ ಅಂದ್ರೆ ಸಿಂಕ್ರೊನಸ್ ಸ್ಪೀಡ್ (ಒಳಗಿನ ಕಾಂತಕ್ಷೇತ್ರ ತಿರುಗೋ ವೇಗ) 1500, ಪ್ಲೇಟ್ ಪ್ರಕಾರ ಸ್ಲಿಪ್, ಅಂದ್ರೆ ರೋಟರ್ ಅದಕ್ಕಿಂತ ಹಿಂದೆ ಬೀಳೋದು, 45. ಸ್ಲಿಪ್ ಮೇಲೆ ಟಾಲರೆನ್ಸ್ 20 ಪರ್ಸೆಂಟ್ ಆ ಕಡೆ ಈ ಕಡೆ (1 ಕಿಲೋವ್ಯಾಟ್‌ಗಿಂತ ಚಿಕ್ಕದಕ್ಕೆ 30), ಅಂದ್ರೆ 9 ಆರ್‌ಪಿಎಂ, 1446ರಿಂದ 1464ರವರೆಗೆ ಎಲ್ಲಿದ್ರೂ ಓಕೆ. ಜೊತೆಗೆ ಟರ್ಮಿನಲ್‌ನಲ್ಲಿ ವೋಲ್ಟೇಜ್ ನೋಡಿ, 400 ಬದಲು 380 ಬರ್ತಿದ್ರೆ ಅದೇ ಲೋಡ್‌ಗೆ ಸ್ಲಿಪ್ 45ರಿಂದ ಸುಮಾರು 50ಕ್ಕೆ ಏರತ್ತೆ, ಯಾಕಂದ್ರೆ ಸ್ಲಿಪ್ ವೋಲ್ಟೇಜಿನ ವರ್ಗಕ್ಕೆ ಉಲ್ಟಾ ಹೋಗತ್ತೆ. ಅಂದಹಾಗೆ ಸ್ಲಿಪ್ ಅಳೆದು ಮೋಟಾರ್ ಎಷ್ಟು ಪರ್ಸೆಂಟ್ ಲೋಡ್‌ನಲ್ಲಿದೆ ಅಂತ ಲೆಕ್ಕ ಹಾಕೋ ಒಂದು ವಿಧಾನ ಎನರ್ಜಿ ಆಡಿಟ್ ರಿಪೋರ್ಟ್‌ಗಳಲ್ಲಿ ತುಂಬಾ ಓಡಾಡತ್ತೆ, ಸ್ಲಿಪ್‌ನಲ್ಲೇ 20 ಪರ್ಸೆಂಟ್ ಸಡಿಲ ಇರುವಾಗ ಆ ರಿಪೋರ್ಟ್‌ನಲ್ಲಿ ದಶಮಾಂಶದ ಆಚೆ ಎರಡು ಅಂಕಿ ಬರೆದಿರೋದು ನೋಡಿದ್ರೆ ನಂಗೆ ನಗು ಬರತ್ತೆ.

ಪ್ರಶ್ನೆ: ಮೋಟಾರ್ ಬಾಡಿ ಮುಟ್ಟೋಕಾಗಲ್ಲ, ಅಷ್ಟು ಬಿಸಿ. ಟೆಂಪರೇಚರ್ ಗನ್ 85 ಡಿಗ್ರಿ ತೋರಿಸತ್ತೆ. ಪ್ಲೇಟ್‌ನಲ್ಲಿ ಕ್ಲಾಸ್ ಎಫ್ ಇದೆ, ಕ್ಲಾಸ್ ಎಫ್ ಅಂದ್ರೆ 155 ಡಿಗ್ರಿ ತಡೆಯತ್ತೆ ಅಂತಾರೆ, ಅಂದ್ಮೇಲೆ ಇನ್ನೂ 70 ಡಿಗ್ರಿ ಬಾಕಿ ಇದೆ ತಾನೆ?

ಉತ್ತರ: ಈ ಲೆಕ್ಕ ನಂಬಿ ಎಷ್ಟು ಮೋಟಾರ್ ಸುಟ್ಟಿದಾವೋ. ಗನ್ ತೋರಿಸಿದ್ದು ಹೊರಗಿನ ಎರಕದ ಬಿಸಿ, 155 ಅನ್ನೋದು ಒಳಗೆ ವೈಂಡಿಂಗ್‌ನಲ್ಲಿ ಅತಿ ಬಿಸಿಯಾದ ಒಂದು ಬಿಂದುವಿನ ಮಿತಿ, ಎರಡನ್ನೂ ಒಂದರಿಂದ ಒಂದು ಕಳೆಯೋ ಹಾಗಿಲ್ಲ.

ಸ್ಟ್ಯಾಂಡರ್ಡ್ ಇದನ್ನ ಹೀಗೆ ಕಟ್ಟಿದೆ ನೋಡಿ. ಸುತ್ತಲಿನ ಗಾಳಿ ಜಾಸ್ತಿ ಅಂದ್ರೆ 40 ಡಿಗ್ರಿ ಅಂತ ಇಟ್ಕೊಳ್ಳತ್ತೆ, ಜಾಗ ಸಮುದ್ರಮಟ್ಟದಿಂದ 1000 ಮೀಟರ್ ಒಳಗೆ. ಅದರ ಮೇಲೆ ವೈಂಡಿಂಗ್ ಎಷ್ಟು ಏರಬಹುದು ಅನ್ನೋದು ಕ್ಲಾಸ್ ಮೇಲೆ ಹೋಗತ್ತೆ, ಸಾಮಾನ್ಯ ಗಾಳಿ ತಂಪಿನ ಮೋಟಾರ್‌ಗೆ ರೆಸಿಸ್ಟೆನ್ಸ್ ವಿಧಾನದಲ್ಲಿ ಅಳೆದ್ರೆ ಕ್ಲಾಸ್ ಬಿಗೆ 80, ಎಫ್‌ಗೆ 105, ಎಚ್‌ಗೆ 125. ಎಫ್ ತಗೊಳ್ಳಿ, 40 ಪ್ಲಸ್ 105 ಅಂದ್ರೆ 145, ಉಳಿದ 10 ಡಿಗ್ರಿ ಆ ಅತಿ ಬಿಸಿ ಬಿಂದುಗೆ ಬಿಟ್ಟಿದ್ದು, ಯಾಕಂದ್ರೆ ರೆಸಿಸ್ಟೆನ್ಸ್ ವಿಧಾನ ಇಡೀ ವೈಂಡಿಂಗಿನ ಸರಾಸರಿ ಮಾತ್ರ ಹೇಳತ್ತೆ.

ನಿಜವಾದ ಬಿಸಿ ತಿಳ್ಕೋಬೇಕು ಅಂದ್ರೆ ನೀವೇ ಅಳೀಬಹುದು, ಒಳ್ಳೇ ಮಿಲಿಓಮ್ ಮೀಟರ್ ಇದ್ರೆ ಸಾಕು. ಮೋಟಾರ್ ಪೂರ್ತಿ ತಣ್ಣಗಿರುವಾಗ ಎರಡು ಟರ್ಮಿನಲ್ ಮಧ್ಯೆ ರೆಸಿಸ್ಟೆನ್ಸ್ ಬರ್ಕೊಳ್ಳಿ, 25 ಡಿಗ್ರಿಯಲ್ಲಿ 1.20 ಓಮ್ ಬಂತು ಅಂತಿಟ್ಕೊಳ್ಳಿ. ಆಮೇಲೆ ಲೋಡ್ ಹಾಕಿ ಬಿಸಿ ಏರೋದು ನಿಲ್ಲೋವರೆಗೆ ಕೆಲವು ಗಂಟೆ ಓಡಿಸಿ, ಆಫ್ ಮಾಡಿ, ಐಸೊಲೇಟರ್ ಲಾಕ್ ಮಾಡಿ, ಶಾಫ್ಟ್ ನಿಂತ ತಕ್ಷಣ ಅದೇ ಎರಡು ಟರ್ಮಿನಲ್ ಮತ್ತೆ ಅಳೀರಿ, 1.56 ಬಂತು. ತಾಮ್ರಕ್ಕೆ 235 ಅನ್ನೋ ಸ್ಥಿರಾಂಕ ಬಳಸ್ತಾರೆ. 1.56ನ್ನ 1.20ರಿಂದ ಭಾಗಿಸಿದ್ರೆ 1.3, ಅದನ್ನ 235 ಪ್ಲಸ್ 25 ಅಂದ್ರೆ 260ಕ್ಕೆ ಗುಣಿಸಿದ್ರೆ 338, ಅದರಲ್ಲಿ 235 ಕಳೆದ್ರೆ 103 ಡಿಗ್ರಿ. ಆ ಹೊತ್ತಿಗೆ ರೂಮಿನ ಗಾಳಿ 35 ಇದ್ರೆ ಏರಿಕೆ 68. ಇಂಥ ಮೋಟಾರ್ ಕ್ಲಾಸ್ ಬಿ ಮಿತಿ 80ರ ಒಳಗೇ ಇದೆ, ಬಾಡಿ ಕೈಗೆ ಎಷ್ಟೇ ಸುಟ್ರೂ ಚಿಂತೆ ಇಲ್ಲ. ಆದ್ರೆ ಕೈ ಚುರುಕಿರಬೇಕು, 50 ಕಿಲೋವ್ಯಾಟ್‌ವರೆಗಿನ ಮೋಟಾರ್‌ಗೆ ಆಫ್ ಮಾಡಿದ 30 ಸೆಕೆಂಡ್ ಒಳಗೆ ರೀಡಿಂಗ್ ಸಿಗಬೇಕು ಅಂತ ಸ್ಟ್ಯಾಂಡರ್ಡ್ ಹೇಳತ್ತೆ, ಅದಕ್ಕಿಂತ ತಡ ಆದ್ರೆ ತಣ್ಣಗಾಗೋ ಗ್ರಾಫ್ ಬರೆದು ಹಿಂದಕ್ಕೆ ಎಳೀಬೇಕು. ಸ್ಪಾನರ್ ಹುಡುಕ್ತಾ ನಿಂತ್ರೆ ಮುಗೀತು, ಟರ್ಮಿನಲ್ ಬಾಕ್ಸ್ ಮುಚ್ಚಳದ ಬೋಲ್ಟ್ ಮೊದಲೇ ಸಡಿಲ ಮಾಡಿಟ್ಕೊಂಡಿರಿ.

ರೂಮೇ 50 ಡಿಗ್ರಿ ಇದ್ರೆ? 40ರ ಮೇಲೆ ಎಷ್ಟು ಹೆಚ್ಚೋ ಅಷ್ಟೂ ಏರಿಕೆಯಿಂದ ಕಟ್, ಎಫ್‌ಗೆ 105 ಹೋಗಿ 95. ಬಾಯ್ಲರ್ ಪಕ್ಕ ಕೂತಿರೋ ಮೋಟಾರ್‌ಗಳ ಗತಿ ಇದೇ, ಪ್ಲೇಟ್‌ನಲ್ಲಿರೋ ಪೂರ್ತಿ ಕಿಲೋವ್ಯಾಟ್ ಅದರಿಂದ ತೆಗೆಯೋ ಹಾಗಿಲ್ಲ. ಇದಕ್ಕೇ ಈಗ ಬಹಳ ಕಂಪನಿಗಳು ಇನ್ಸುಲೇಶನ್ ಎಫ್ ಹಾಕಿ ಏರಿಕೆ ಬಿ ಮಿತಿಗೇ ಇಡ್ತಾರೆ, 25 ಡಿಗ್ರಿ ಕೈಯಲ್ಲಿ ಉಳಿಯತ್ತೆ. ವೈಂಡಿಂಗ್ ಪ್ರತಿ 10 ಡಿಗ್ರಿ ಹೆಚ್ಚು ಬಿಸಿ ಆದ್ರೆ ಇನ್ಸುಲೇಶನ್ ಆಯಸ್ಸು ಅರ್ಧ ಅನ್ನೋ ಒರಟು ಲೆಕ್ಕ ಒಂದಿದೆ, ಒರಟಾದ್ರೂ ದಾರಿ ತಪ್ಪಿಸಲ್ಲ. ಖರೀದಿ ಮಾಡುವಾಗ ಇನ್ಸುಲೇಶನ್ ಕ್ಲಾಸ್ ಒಂದೇ ಕೇಳ್ಬೇಡಿ, ಏರಿಕೆ ಯಾವ ಕ್ಲಾಸಿಂದು ಅಂತಾನೂ ಕೇಳಿ.

ಪ್ರಶ್ನೆ: ಬ್ಲೋವರ್‌ನ ಹಳೇ ಐಇ1 ಮೋಟಾರ್ ತೆಗೆದು ಐಇ3 ಹಾಕಿದ್ವಿ, ಎರಡೂ 7.5 ಕಿಲೋವ್ಯಾಟ್. ಯೂನಿಟ್ ಒಂದು ಚೂರೂ ಇಳಿದಿಲ್ಲ. ಮೇಲಿಂದ ಸ್ಟಾರ್ಟ್ ಮಾಡುವಾಗ ಆಗಾಗ ಬ್ರೇಕರ್ ಬೇರೆ ಟ್ರಿಪ್ ಆಗ್ತಿದೆ. ಐಇ3 ಅನ್ನೋದೇ ಬರೀ ಸ್ಟಿಕರ್ರಾ?

ಉತ್ತರ: ಸ್ಟಿಕರ್ ಸರಿಯಾಗೇ ಇದೆ, ನೀವು ಎರಡು ಮೋಟಾರಿನ ಆರ್‌ಪಿಎಂ ನೋಡಿಲ್ಲ. ನೀವು ಕಳಿಸಿದ ಫೋಟೋದಲ್ಲಿ ಹಳೇದು 1440, ಹೊಸದು 1465. ರೋಟರ್‌ನಲ್ಲಿ ನಷ್ಟ ಕಡಿಮೆ ಆದ್ರೆ ಸ್ಲಿಪ್ ಕಡಿಮೆ ಆಗ್ಲೇಬೇಕು, ಸ್ಲಿಪ್ ಕಡಿಮೆ ಅಂದ್ರೆ ಸ್ಪೀಡ್ ಜಾಸ್ತಿ. ಫ್ಯಾನ್, ಬ್ಲೋವರ್ ಇವೆಲ್ಲ ಎಳೆಯೋ ಶಕ್ತಿ ಸ್ಪೀಡಿನ ಘನದ ಹಾಗೆ ಏರತ್ತೆ, 1465ನ್ನ 1440ರಿಂದ ಭಾಗಿಸಿ ಮೂರು ಸಲ ಗುಣಿಸಿದ್ರೆ 1.053, ಅಂದ್ರೆ ಬ್ಲೋವರ್ ಈಗ 5.3 ಪರ್ಸೆಂಟ್ ಹೆಚ್ಚು ಕೇಳ್ತಿದೆ. ಎಫಿಶಿಯೆನ್ಸಿ 86ರಿಂದ 90.4ಕ್ಕೆ ಹೋಗಿದ್ರಿಂದ ಉಳಿಯೋದು 4.9 ಪರ್ಸೆಂಟ್. ಎರಡನ್ನೂ ಕೂಡಿಸಿ ನೋಡಿ, ಸರಿಸಮ. ಗಾಳಿ ಹೆಚ್ಚು ಬರ್ತಿದೆ, ಅದು ನಿಮಗೆ ಬೇಕಾಗಿರಲಿಲ್ಲ ಅಷ್ಟೇ.

ಬೆಲ್ಟ್ ಡ್ರೈವ್ ಆದ್ರೆ ಪುಲ್ಲಿ ಬದಲಾಯಿಸಿ ಬ್ಲೋವರ್ ಸ್ಪೀಡ್ ಹಳೇ ಮಟ್ಟಕ್ಕೆ ತನ್ನಿ, ಮೋಟಾರ್ ಕಡೆ 150 ಮಿಲಿಮೀಟರ್ ಪುಲ್ಲಿ ಇದ್ರೆ 147ರ ಹತ್ತಿರ ಬೇಕಾಗತ್ತೆ. ಡೈರೆಕ್ಟ್ ಕಪಲ್ಡ್ ಆದ್ರೆ ಇಂಪೆಲ್ಲರ್ ಟ್ರಿಮ್ (ರೆಕ್ಕೆ ಚಕ್ರವನ್ನ ತುಸು ಕತ್ತರಿಸೋದು) ಇಲ್ಲಾ ಡ್ರೈವ್ (ಫ್ರೀಕ್ವೆನ್ಸಿ ಬದಲಿಸಿ ಮೋಟಾರ್ ಸ್ಪೀಡ್ ಹಿಡಿಯೋ ಸಾಧನ). ಟ್ಯಾಂಕ್ ತುಂಬಿಸೋ ಪಂಪ್ ಆಗಿದ್ರೆ ಇಷ್ಟು ಕಷ್ಟ ಇರ್ತಿರಲಿಲ್ಲ, ಬೇಗ ತುಂಬಿ ಬೇಗ ನಿಲ್ಲತ್ತೆ. ಬ್ಲೋವರ್ ಹಾಗಲ್ಲ, ದಿನವಿಡೀ ಓಡತ್ತೆ.

ಇನ್ನೊಂದು ಸಂಗತಿ, ತೀರಾ ಹಳೇ ಮೋಟಾರ್‌ಗಳ ಪ್ಲೇಟ್‌ನಲ್ಲಿರೋ ಎಫಿಶಿಯೆನ್ಸಿಯನ್ನ ಈಗಿನ ಅಂಕಿ ಪಕ್ಕ ಇಟ್ಟು ಹೋಲಿಸ್ಬೇಡಿ. ಆಗ ಸ್ಟ್ರೇ ಲಾಸ್ (ಬೇರೆ ಲೆಕ್ಕಕ್ಕೆ ಸಿಗದೆ ಅಲ್ಲಿ ಇಲ್ಲಿ ಸೋರೋ ನಷ್ಟ) ಅನ್ನೋದನ್ನ ಅಳೀತಾನೇ ಇರಲಿಲ್ಲ, ಇನ್‌ಪುಟ್‌ನ 0.5 ಪರ್ಸೆಂಟ್ ಅಂತ ಕಣ್ಣುಮುಚ್ಚಿ ಹಿಡಿದುಬಿಡ್ತಿದ್ರು. ಈಗ ಐಇಸಿ 60034-2-1ರಲ್ಲಿ ಬೇರೆ ಬೇರೆ ಲೋಡ್‌ನಲ್ಲಿ ಓಡಿಸಿ, ಲೆಕ್ಕಕ್ಕೆ ಸಿಕ್ಕ ನಷ್ಟ ಎಲ್ಲಾ ಕಳೆದು ಉಳಿದಿದ್ದರಿಂದ ಸ್ಟ್ರೇ ಲಾಸ್ ತೆಗೀತಾರೆ. ಚಿಕ್ಕ, ಮಧ್ಯಮ ಮೋಟಾರ್‌ಗಳಲ್ಲಿ ಅದು ಅರ್ಧ ಪರ್ಸೆಂಟ್‌ಗಿಂತ ಜಾಸ್ತಿನೇ ಬರತ್ತೆ, ಹಾಗಾಗಿ ಅದೇ ಮೋಟಾರ್ ಹೊಸ ವಿಧಾನದಲ್ಲಿ ಸ್ವಲ್ಪ ಕೆಳಗೆ ಕಾಣತ್ತೆ.

ಬ್ರೇಕರ್ ಟ್ರಿಪ್ ಆಗೋದು ಹೊಸ ಮೋಟಾರಿನ ಸ್ವಭಾವ. ತಾಮ್ರ ಜಾಸ್ತಿ, ರೆಸಿಸ್ಟೆನ್ಸ್ ಕಮ್ಮಿ, ಸ್ಟಾರ್ಟಿಂಗ್ ಕರೆಂಟ್ ಫುಲ್ ಲೋಡ್‌ನ 7-8 ಪಟ್ಟು ಹೋಗತ್ತೆ, ಮೊದಲ ಅರ್ಧ ಸೈಕಲ್‌ನಲ್ಲಂತೂ ಅದಕ್ಕೂ ಮೇಲೆ ಒಂದು ಏಟು. ಐಇಸಿ 60034-12ರಲ್ಲಿ ಸ್ಟಾರ್ಟಿಂಗ್ ಡಿಸೈನ್ ಎನ್ ಅಂತ ಇತ್ತು, ಪ್ರೀಮಿಯಂ ಎಫಿಶಿಯೆನ್ಸಿ ಮೋಟಾರ್‌ಗಳಿಗೆ ಹೆಚ್ಚು ಸ್ಟಾರ್ಟಿಂಗ್ ಕೆವಿಎ (ವೋಲ್ಟೇಜ್, ಕರೆಂಟ್ ಗುಣಿಸಿದ ಲೆಕ್ಕ) ಬಿಟ್ಟುಕೊಡೋ ಎನ್‌ಇ ಅಂತ ಸೇರಿಸಿದ್ದು ಇದೇ ಕಾರಣಕ್ಕೆ. ಬ್ರೇಕರಿನ ಮ್ಯಾಗ್ನೆಟಿಕ್ ಸೆಟ್ಟಿಂಗ್ ಐಇ3ಗೆ ಹೊಂದತ್ತಾ ಅಂತ ಬ್ರೇಕರ್ ಕ್ಯಾಟಲಾಗ್‌ನಲ್ಲಿ ನೋಡಿ, ಓವರ್‌ಲೋಡ್ ರಿಲೇ ಮಾತ್ರ ಪ್ಲೇಟ್ ಕರೆಂಟ್‌ಗಿಂತ ಮೇಲಕ್ಕೆ ತಿರುಗಿಸೋ ಕೆಲಸ ಬೇಡ.

ಪ್ರಶ್ನೆ: ಐಪಿ55 ಮೋಟಾರ್‌ನ ಪ್ರೆಶರ್ ವಾಷರ್‌ನಲ್ಲಿ ತೊಳೀಬಹುದಾ?

ಉತ್ತರ: ಬೇಡ. ಐಪಿ ನಂತರದ ಮೊದಲ ಅಂಕಿ ಧೂಳಿಗೆ, ಎರಡನೇದು ನೀರಿಗೆ. ಎರಡನೇ 5ರ ಟೆಸ್ಟ್‌ನಲ್ಲಿ 6.3 ಮಿಲಿಮೀಟರ್ ನಾಝಲ್, ನಿಮಿಷಕ್ಕೆ 12.5 ಲೀಟರ್ ನೀರು, ಅಂದ್ರೆ ಸಾಧಾರಣ ಪೈಪಿನ ಧಾರೆ. ಪ್ರೆಶರ್ ವಾಷರ್ ಶಾಫ್ಟ್ ಸೀಲ್ ಒಳಗೆ ನುಗ್ಗತ್ತೆ. ಮೊದಲ 5 ಕೂಡ ಧೂಳು ಪೂರ್ತಿ ತಡೆಯತ್ತೆ ಅಂತ ಅಲ್ಲ, ಹಾನಿ ಮಾಡೋ ಅಷ್ಟು ಹೋಗಲ್ಲ ಅಂತ, ಪೂರ್ತಿ ತಡೆಯೋದು 6. ಡ್ರೈನ್ ಹೋಲ್ ಪ್ಲಗ್ ಇದ್ರೆ ಅದು ಕೆಳಗಡೆ ಬರೋ ಹಾಗೆ ಮೋಟಾರ್ ಕೂರಿಸಿದಾರಾ ನೋಡಿ, ಹೊರಗಿಂದ ಬರೋ ನೀರಿಗಿಂತ ಒಳಗೆ ಬೆವೆತು ನಿಲ್ಲೋ ನೀರು ಕೆಡಿಸಿದ ಮೋಟಾರ್‌ಗಳೇ ಜಾಸ್ತಿ ಅಂತ ನನ್ನ ಅನುಮಾನ.

ಪ್ರಶ್ನೆ: ಆಮದು ಮಾಡಿದ ಮೆಷಿನ್‌ನಲ್ಲಿ ನೆಮಾ 213ಟಿ ಫ್ರೇಮ್ ಮೋಟಾರ್ ಇತ್ತು, ಸುಟ್ಟೋಯ್ತು. ಐಇಸಿ 132 ಅದಕ್ಕೆ ಸಮ ಅಂತ ಹೇಳ್ತಿದಾರೆ, ನೇರ ಕೂರತ್ತಾ?

ಉತ್ತರ: ಕೂರಲ್ಲ, ಹತ್ತಿರ ಬರತ್ತೆ ಅಷ್ಟೇ, ಈ ಹತ್ತಿರ ಬರೋದೇ ಅಪಾಯ. ಐಇಸಿ ಫ್ರೇಮ್ ನಂಬರ್ ಅಂದ್ರೆ ಪಾದದ ತಳದಿಂದ ಶಾಫ್ಟ್ ನಡುವಿನವರೆಗಿನ ಎತ್ತರ ಮಿಲಿಮೀಟರ್‌ನಲ್ಲಿ, 132 ಅಂದ್ರೆ 132. ನೆಮಾದಲ್ಲಿ ಮೊದಲೆರಡು ಅಂಕಿನ 4ರಿಂದ ಭಾಗಿಸಿದ್ರೆ ಇಂಚು ಬರತ್ತೆ, 21 ಭಾಗ 4 ಅಂದ್ರೆ 5.25 ಇಂಚು, ಅಂದ್ರೆ 133.35 ಮಿಲಿಮೀಟರ್. ಎತ್ತರದ 1.35 ವ್ಯತ್ಯಾಸ ಶಿಮ್ ಹಾಕಿ ಸರಿಮಾಡಬಹುದು. ಶಾಫ್ಟ್ ದಪ್ಪ ಐಇಸಿ 132ರಲ್ಲಿ 38 ಮಿಲಿಮೀಟರ್, ನೆಮಾ 213ಟಿಯಲ್ಲಿ 1.375 ಇಂಚು, ಅಂದ್ರೆ 34.9 ಮಿಲಿಮೀಟರ್. ಕಪ್ಲಿಂಗ್ ಹೊಸದೇ ಬೇಕು, ಪಾದದ ತೂತುಗಳೂ ಮ್ಯಾಚ್ ಆಗಲ್ಲ, ಅಡಾಪ್ಟರ್ ಬೇಸ್ ಮಾಡಿಸಿ. ಮತ್ತೆ ಒಂದು ವಿಷಯ ಮರೀಬೇಡಿ, ನೆಮಾ ಪ್ಲೇಟ್ ಮೇಲೆ ಸರ್ವೀಸ್ ಫ್ಯಾಕ್ಟರ್ 1.15 ಅಂತ ಇದ್ರೆ ಆ ಮೆಷಿನ್ ಕಟ್ಟಿದೋರು ಆ 15 ಪರ್ಸೆಂಟನ್ನ ಬಳಸ್ಕೊಂಡಿರಬಹುದು, ಐಇಸಿ ಮೋಟಾರ್‌ನಲ್ಲಿ ಆ ಹೆಚ್ಚುವರಿ ಇರಲ್ಲ, ಹಳೇ ಮೋಟಾರ್ ಎಷ್ಟು ಆಂಪಿಯರ್ ಎಳೀತಿತ್ತು ಅಂತ ಲಾಗ್‌ಬುಕ್ ತೆಗೆದು ನೋಡಿ ಆಮೇಲೆ ಕಿಲೋವ್ಯಾಟ್ ಆರಿಸಿ.

ಕಪ್ಲಿಂಗ್ ಮಾಡಿಸೋದಿದ್ರೆ ಶಾಫ್ಟಿನ ತುದಿ ಮುಖದಲ್ಲಿ ಕೊರೆದಿರೋ ಒಂದು ಅಕ್ಷರ ಇರತ್ತೆ, ಒರೆಸಿ ನೋಡಿ. ಎಚ್ ಅಂದ್ರೆ ರೋಟರನ್ನ ಅರ್ಧ ಕೀ ಇಟ್ಟು ಬ್ಯಾಲೆನ್ಸ್ ಮಾಡಿದಾರೆ, ಎಫ್ ಅಂದ್ರೆ ಪೂರ್ತಿ ಕೀ, ಎನ್ ಅಂದ್ರೆ ಕೀ ಇಲ್ಲದೇ. ಮೋಟಾರ್ ಅರ್ಧ ಕೀದು, ಕಪ್ಲಿಂಗ್ ಮಾಡಿದೋರು ಬೇರೆ ಥರ ಬ್ಯಾಲೆನ್ಸ್ ಮಾಡಿದ್ರೆ, ಎರಡೂ ಬೇರೆ ಬೇರೆ ಇದ್ದಾಗ ನಯವಾಗಿದ್ದು ಜೋಡಿಸಿದ ತಕ್ಷಣ ವೈಬ್ರೇಶನ್ ಶುರು, ಆಮೇಲೆ ಅಲೈನ್‌ಮೆಂಟ್ ಮೇಲೆ ಅಲೈನ್‌ಮೆಂಟ್ ಮಾಡಿಸ್ತಾ ಕೂರ್ತಾರೆ.

ಪ್ರಶ್ನೆ: ನಮ್ಮ ಜನರೇಟರ್ 125 ಕೆವಿಎ. ಅದರಲ್ಲಿ 55 ಕಿಲೋವ್ಯಾಟ್ ಮೋಟಾರ್ ಒಂದೇ ಓಡಿಸ್ಬೇಕು, ಬೇರೆ ಲೋಡ್ ಇಲ್ಲ. ಡಿಒಎಲ್‌ನಲ್ಲಿ (ನೇರ ಪೂರ್ತಿ ವೋಲ್ಟೇಜ್ ಕೊಟ್ಟು) ಸ್ಟಾರ್ಟ್ ಮಾಡಿದ್ರೆ ಕಾಂಟ್ಯಾಕ್ಟರ್ (ಕಾಯಿಲ್ ಎಳೆದು ಹಿಡಿಯೋ ಸ್ವಿಚ್) ಪಟಪಟ ಅಂತ ಬಡ್ಕೊಂಡು ಬಿಟ್ಟುಬಿಡತ್ತೆ. ಅರ್ಧ ಲೋಡ್ ತಾನೇ, ಯಾಕೆ ಹೀಗೆ?

ಉತ್ತರ: ಓಡ್ತಿರುವಾಗ ಅರ್ಧ, ಎದ್ದೇಳುವಾಗ ನಾಲ್ಕು ಪಟ್ಟು ಹತ್ತಿರ. 55 ಕಿಲೋವ್ಯಾಟ್ ಮೋಟಾರ್ 400 ವೋಲ್ಟ್‌ನಲ್ಲಿ ಸುಮಾರು 97 ಆಂಪಿಯರ್, ಸ್ಟಾರ್ಟಿಂಗ್ 7 ಪಟ್ಟು ಅಂದ್ರೆ 680, ಅದನ್ನ ಕೆವಿಎಗೆ ತಿರುಗಿಸಿದ್ರೆ 470ರ ಆಸುಪಾಸು. ಗ್ರಿಡ್ ಇದನ್ನ ಗಮನಕ್ಕೂ ತಗೊಳ್ಳಲ್ಲ, 125 ಕೆವಿಎ ಆಲ್ಟರ್ನೇಟರ್‌ಗೆ ಇದು ಶಾರ್ಟ್ ಸರ್ಕ್ಯೂಟ್‌ನ ತಮ್ಮ. ವೋಲ್ಟೇಜ್ ಕುಸಿಯತ್ತೆ, ಕುಸಿದ ವೋಲ್ಟೇಜೇ ಕಾಂಟ್ಯಾಕ್ಟರ್ ಕಾಯಿಲ್‌ಗೂ ಹೋಗತ್ತೆ. ಕಾಂಟ್ಯಾಕ್ಟರ್ ಸ್ಟ್ಯಾಂಡರ್ಡ್ ಪ್ರಕಾರ 85 ಪರ್ಸೆಂಟ್ ವೋಲ್ಟೇಜ್ ಸಿಕ್ರೆ ಎಳೀಲೇಬೇಕು, 75ರಿಂದ 20ರ ಮಧ್ಯೆ ಎಲ್ಲಿ ಬೇಕಾದ್ರೂ ಬಿಡಬಹುದು. ಬಿಟ್ಟ ತಕ್ಷಣ ಲೋಡ್ ಹೋಗಿ ವೋಲ್ಟೇಜ್ ಏರತ್ತೆ, ಮತ್ತೆ ಎಳೆಯತ್ತೆ, ಮತ್ತೆ ಬಿಡತ್ತೆ, ನಿಮಗೆ ಕೇಳಿಸೋ ಪಟಪಟ ಅದೇ.

ಐಇಸಿ 60034-1ರಲ್ಲಿ ಎಸಿ ಜನರೇಟರ್ ಒಂದೂವರೆ ಪಟ್ಟು ಕರೆಂಟನ್ನ 30 ಸೆಕೆಂಡ್ ತಡೀಬೇಕು ಅಂತ ಇದೆ, ಅದನ್ನ ಹಿಡ್ಕೊಂಡು ಒಂದೂವರೆ ಪಟ್ಟು ಲೋಡ್ ಸ್ಟಾರ್ಟ್ ಮಾಡಬಹುದು ಅಂತ ವಾದ ಮಾಡೋರಿದಾರೆ. ಆ ಮಾತು ವೈಂಡಿಂಗ್ ಸುಡಲ್ಲ ಅನ್ನೋದರ ಬಗ್ಗೆ, ವೋಲ್ಟೇಜ್ ಎಷ್ಟು ನಿಲ್ಲತ್ತೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದಕ್ಕೆ ನೋಡಬೇಕಾದ್ದು ಐಎಸ್‌ಒ 8528-5, ಅಲ್ಲಿ ಜಿ1, ಜಿ2, ಜಿ3 ಅಂತ ಪರ್ಫಾರ್ಮೆನ್ಸ್ ಕ್ಲಾಸ್ ಇದೆ, ದಿಢೀರ್ ಲೋಡ್ ಬಿದ್ದಾಗ ವೋಲ್ಟೇಜ್ ಜಿ2ರಲ್ಲಿ 20 ಪರ್ಸೆಂಟ್‌ವರೆಗೆ ಇಳೀಬಹುದು, ಜಿ3ರಲ್ಲಿ 15. ಜಿ4 ಅನ್ನೋದು ಕೊಡೋರು ತಗೊಳ್ಳೋರು ಕೂತು ಮಾತಾಡಿ ಬರ್ಕೊಳ್ಳೋದು. ಆದ್ರೆ ಆ ಪರೀಕ್ಷೆಯ ಲೋಡ್ ನಿಮ್ಮ 470 ಕೆವಿಎ ಅಲ್ಲ, ಹಾಗಾಗಿ ಕ್ಲಾಸ್ ನೋಡಿ ಸುಮ್ಮನಾಗ್ಬೇಡಿ, ಆಲ್ಟರ್ನೇಟರ್ ಕಂಪನಿ ಹತ್ರ ಮೋಟಾರ್ ಸ್ಟಾರ್ಟಿಂಗ್ ಕರ್ವ್ ಕೇಳಿ, ಎಷ್ಟು ಕೆವಿಎ ಬಿದ್ರೆ ಎಷ್ಟು ಪರ್ಸೆಂಟ್ ಇಳಿಯತ್ತೆ ಅಂತ ಗೆರೆ ಎಳೆದಿರತ್ತೆ.

ಸ್ಟಾರ್ ಡೆಲ್ಟಾ (ಮೊದಲು ಸ್ಟಾರ್ ಜೋಡಣೆ, ಸ್ಪೀಡ್ ಬಂದ್ಮೇಲೆ ಡೆಲ್ಟಾ) ಹಾಕಿದ್ರೆ ಲೈನ್ ಕರೆಂಟ್ ಮೂರರಲ್ಲಿ ಒಂದು, ಸುಮಾರು 157 ಕೆವಿಎ, ಇದು ಆ ಕರ್ವ್ ಮೇಲೆ ನಿಲ್ಲೋ ಸಾಧ್ಯತೆ ಇದೆ. ಟಾರ್ಕ್ ಕೂಡ ಮೂರರಲ್ಲಿ ಒಂದೇ ಸಿಗತ್ತೆ, ಸೆಂಟ್ರಿಫ್ಯೂಗಲ್ ಪಂಪ್ ಆದ್ರೆ ಎದ್ದೇಳತ್ತೆ, ತುಂಬಿದ ಕನ್ವೇಯರ್ ಆದ್ರೆ ಕಷ್ಟ. ಸ್ಟಾರ್ಟರ್ ತರೋ ಮೊದಲು ಪ್ಲೇಟ್‌ನಲ್ಲಿ ಡೆಲ್ಟಾ 400, ಸ್ಟಾರ್ 690 ಅಂತ ಇದೆಯಾ ನೋಡ್ಕೊಳ್ಳಿ. ಡೆಲ್ಟಾ 230, ಸ್ಟಾರ್ 400 ಅಂತ ಇದ್ರೆ 400 ವೋಲ್ಟ್ ಸಪ್ಲೈನಲ್ಲಿ ಅದನ್ನ ಡೆಲ್ಟಾಗೆ ಹಾಕಿದ ಕ್ಷಣವೇ ಹೊಗೆ. ಖರ್ಚಿಗೆ ತೊಂದರೆ ಇಲ್ಲ ಅಂದ್ರೆ ಡ್ರೈವ್, ಕರೆಂಟ್ ಫುಲ್ ಲೋಡ್ ದಾಟಿ ಹೆಚ್ಚೇನೂ ಹೋಗಲ್ಲ.

ನಿಮ್ಮ ಪತ್ರದ ಕೊನೆಗೆ ದಿನಾ ಎಂಟು ಗಂಟೆ ಓಡಿಸ್ತೀವಿ ಅಂತ ಬರೆದಿದೀರಿ, ಆ 125 ಯಾವ 125 ಅಂತ ನೋಡಿದೀರಾ? ಇಎಸ್‌ಪಿ ಅಂದ್ರೆ ಎಮರ್ಜೆನ್ಸಿ ಸ್ಟ್ಯಾಂಡ್‌ಬೈ, ಐಎಸ್‌ಒ 8528-1ರಲ್ಲಿ ವರ್ಷಕ್ಕೆ 200 ಗಂಟೆ ಅಷ್ಟೇ, ನಿಮ್ಮ ಲೆಕ್ಕದಲ್ಲಿ ಅದು 25 ದಿನಕ್ಕೆ ಖಾಲಿ. ನಿಮಗೆ ಬೇಕಾದ್ದು ಪಿಆರ್‌ಪಿ, ಅಂದ್ರೆ ಪ್ರೈಮ್, ಗಂಟೆಗೆ ಮಿತಿ ಇಲ್ಲ, ಆದ್ರೆ ಲೋಡ್ ಏರಿಳಿತಾ ಇರಬೇಕು, 24 ಗಂಟೆಯ ಸರಾಸರಿ ಸಾಮಾನ್ಯವಾಗಿ 70 ಪರ್ಸೆಂಟ್ ದಾಟಬಾರದು. ಸರಾಸರಿ ತೆಗೆಯುವಾಗ ಒಂದು ಕೊಕ್ಕೆ ಇದೆ, 30 ಪರ್ಸೆಂಟ್‌ಗಿಂತ ಕಮ್ಮಿ ಲೋಡನ್ನೆಲ್ಲ 30 ಅಂತಲೇ ಹಿಡೀಬೇಕು, ನಿಂತಿದ್ದ ಹೊತ್ತು ಲೆಕ್ಕಕ್ಕಿಲ್ಲ, ಹಾಗಾಗಿ ರಾತ್ರಿ ಆಫ್ ಇತ್ತಲ್ಲ ಅಂತ ಸರಾಸರಿ ಇಳಿಸೋಕಾಗಲ್ಲ. ಒಂದೇ ಸಮ ಲೋಡ್ ಇಡೀ ದಿನ ಇದ್ರೆ ಸಿಒಪಿ, ಕಂಟಿನ್ಯೂಯಸ್ ರೇಟಿಂಗ್. ಅದೇ ಎಂಜಿನ್, ಅದೇ ಆಲ್ಟರ್ನೇಟರ್, ಮೂರು ಬೇರೆ ಬೇರೆ ನಂಬರ್, ಜಾಹೀರಾತಿನಲ್ಲಿ ಯಾವಾಗ್ಲೂ ದೊಡ್ಡದೇ ದಪ್ಪ ಅಕ್ಷರದಲ್ಲಿ ಇರತ್ತೆ.

ಪ್ರಶ್ನೆ: ಪ್ಲೇಟ್‌ನಲ್ಲಿ ಎಸ್3 25% ಅಂತಿದೆ, ಏನದು?

ಉತ್ತರ: ಬಿಟ್ಟು ಬಿಟ್ಟು ಓಡಿಸೋ ಡ್ಯೂಟಿ. ಬೇರೆ ಏನೂ ಹೇಳಿಲ್ಲ ಅಂದ್ರೆ 10 ನಿಮಿಷದ ಸುತ್ತು, ಅದರಲ್ಲಿ ಎರಡೂವರೆ ನಿಮಿಷ ಲೋಡ್, ಏಳೂವರೆ ನಿಮಿಷ ವಿಶ್ರಾಂತಿ. ಹಾಯ್ಸ್ಟ್, ಕ್ರೇನ್‌ಗೆ ಮಾಡಿದ್ದು. ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗ್ತು ಅಂತ ಅದನ್ನ ಪಂಪ್‌ಗೆ ಹಾಕ್ಬೇಡಿ, ದಿನವಿಡೀ ಓಡೋದಕ್ಕೆ ಎಸ್1 ಬೇಕು.

ಪ್ರಶ್ನೆ: ಒಂದು 400 ವೋಲ್ಟ್ ಮೋಟಾರ್ ಬಹಳ ದಿನ ಸ್ಟೋರ್‌ನಲ್ಲಿ ಬಿದ್ದಿತ್ತು. ಮೆಗ್ಗರ್ (ಇನ್ಸುಲೇಶನ್ ರೆಸಿಸ್ಟೆನ್ಸ್ ಅಳೆಯೋ ಮೀಟರ್) ಹಾಕಿದ್ರೆ 3 ಮೆಗಾಓಮ್. ಕಿಲೋವೋಲ್ಟ್ ಪ್ಲಸ್ ಒಂದು ಅನ್ನೋ ರೂಲ್ ಪ್ರಕಾರ 1.4 ಇದ್ರೆ ಸಾಕು ಅಂತ ನಮ್ಮ ಸೀನಿಯರ್ ಹೇಳ್ತಾರೆ. ಚಾರ್ಜ್ ಮಾಡ್ಲಾ?

ಉತ್ತರ: ಸೀನಿಯರ್ ಹೇಳಿದ ರೂಲ್ ಇರೋದು ನಿಜ, ಆದ್ರೆ ಇನ್ಸುಲೇಶನ್ ಟೆಸ್ಟಿನ ಸ್ಟ್ಯಾಂಡರ್ಡ್ ಐಇಇಇ 43 ಅದನ್ನ ಸುಮಾರು 1970ಕ್ಕೆ ಮೊದಲು ಮಾಡಿದ ವೈಂಡಿಂಗ್‌ಗಳಿಗೆ ಬಿಟ್ಟಿದೆ. 1000 ವೋಲ್ಟ್ ಒಳಗಿನ ಇಂಥ ಮೋಟಾರ್‌ಗೆ ಅದು ಕೇಳೋದು 5 ಮೆಗಾಓಮ್, 500 ವೋಲ್ಟ್ ಡಿಸಿ ಒಂದು ನಿಮಿಷ ಹಾಕಿ ಓದಿದ್ದು, 40 ಡಿಗ್ರಿಗೆ ತಿರುಗಿಸಿದ್ದು. ನೀವು 3 ಓದಿದಾಗ ಮೋಟಾರ್ ಎಷ್ಟು ಡಿಗ್ರಿ ಇತ್ತು? 20 ಇದ್ರೆ, ಪ್ರತಿ 10 ಡಿಗ್ರಿಗೆ ಅರ್ಧ ಅನ್ನೋ ಹಳೇ ಅಂದಾಜಿನಲ್ಲಿ 40ಕ್ಕೆ ಅದು 0.75. ಅಂದ್ರೆ ಸೀನಿಯರ್ ರೂಲ್‌ಗೂ ಫೇಲ್. ಒಣಗಿಸಿ, ಹೀಟರ್ ಇಟ್ಟು ನಿಧಾನಕ್ಕೆ, ಗಂಟೆಗೊಮ್ಮೆ ಮೆಗ್ಗರ್ ಓದಿ ಬರ್ಕೊಳ್ಳಿ, ಮೊದಲು ಸ್ವಲ್ಪ ಇಳಿದು ಆಮೇಲೆ ಏರತ್ತೆ, ಇಳೀತು ಅಂತ ಗಾಬರಿ ಬೀಳ್ಬೇಡಿ. ಹತ್ತು ನಿಮಿಷದ ಓದನ್ನ ಒಂದು ನಿಮಿಷದ್ದರಿಂದ ಭಾಗಿಸೋ ಪಿಐ ಟೆಸ್ಟ್ ದೊಡ್ಡ ಮೆಷಿನ್‌ಗೆ ಚೆನ್ನ, ಇಷ್ಟು ಚಿಕ್ಕದರಲ್ಲಿ ಅದರಿಂದ ಹೆಚ್ಚೇನೂ ತಿಳಿಯಲ್ಲ.

ಪ್ರಶ್ನೆ: ರಿವೈಂಡ್ ಮಾಡಿಸಿದ ಮೇಲೆ ಪ್ಲೇಟ್‌ನಲ್ಲಿರೋ ಐಇ3 ಇನ್ನೂ ಲೆಕ್ಕಕ್ಕೆ ಬರತ್ತಾ? ಒಬ್ಬರು ರಿವೈಂಡ್ ಆದ್ರೆ 2-3 ಪರ್ಸೆಂಟ್ ಹೋಗೇಹೋಗತ್ತೆ ಅಂತಾರೆ, ಇನ್ನೊಬ್ಬರು ಏನೂ ಆಗಲ್ಲ ಅಂತಾರೆ.

ಉತ್ತರ: ಇಬ್ಬರೂ ಕಂಡಿದ್ದನ್ನೇ ಹೇಳ್ತಿದಾರೆ, ಕಂಡಿರೋ ವರ್ಕ್‌ಶಾಪ್ ಬೇರೆ ಬೇರೆ. 2003ರಲ್ಲಿ ರಿಪೇರಿ ಉದ್ಯಮದ ಎರಡು ಸಂಘಗಳು, ಈಎಎಸ್‌ಎ ಮತ್ತೆ ಎಇಎಂಟಿ, ಸೇರಿ ಮಾಡಿಸಿದ ಅಧ್ಯಯನದಲ್ಲಿ ಸರಿಯಾದ ವಿಧಾನದಲ್ಲಿ ಮಾಡಿದ್ರೆ ಎಫಿಶಿಯೆನ್ಸಿ ಉಳಿಯತ್ತೆ ಅಂತಲೇ ಬಂತು. ಹಾಳಾಗೋದು ಹಳೇ ಕಾಯಿಲ್ ಕೀಳೋ ಹೊತ್ತಲ್ಲಿ. ವಾರ್ನಿಶ್ ಗಟ್ಟಿ ಹಿಡಿದಿರತ್ತೆ, ಬೇಗ ಬರಲಿ ಅಂತ ಸ್ಟೇಟರ್ ಒಳಗೆ ಟಾರ್ಚ್ ಹಿಡಿದು ಸುಡ್ತಾರೆ, ಸ್ಟ್ಯಾಂಪಿಂಗ್‌ಗಳ ಮಧ್ಯೆ ಇರೋ ತೆಳು ಇನ್ಸುಲೇಶನ್ ಸುಟ್ಟು ಹೋಗಿ ಕೋರ್ ಲಾಸ್ ಏರತ್ತೆ, ಅದು ಹೊರಗಿಂದ ಯಾರಿಗೂ ಕಾಣಲ್ಲ. ಕಂಟ್ರೋಲ್ ಇರೋ ಓವನ್‌ನಲ್ಲಿ 370 ಡಿಗ್ರಿ ಹತ್ತಿರ ಹಿಡಿದು ಮಾಡಬೇಕಾದ ಕೆಲಸ ಅದು. ಇನ್ನೊಂದು ಕಡೆ, ಸ್ಲಾಟ್‌ಗೆ ಸುಲಭವಾಗಿ ಕೂರಲಿ ಅಂತ ಒಂದು ಗೇಜ್ ತೆಳು ವೈರ್ ಹಾಕೋದು, ಟರ್ನ್ ಕಮ್ಮಿ ಮಾಡೋದು, ಅಷ್ಟು ಮಾಡಿದ್ರೆ ಪ್ಲೇಟ್‌ನಲ್ಲಿರೋದು ಆ ಮೋಟಾರಿನ ಅಂಕಿಯೇ ಅಲ್ಲ.

ರಿಪೇರಿಗೆ ಅಂತಲೇ ಐಇಸಿ 60034-23 ಇದೆ, ಈಎಎಸ್‌ಎದ ಎಆರ್100 ಇದೆ. ಎಆರ್100 ಪ್ರಕಾರ ಕಾಯಿಲ್ ಕೀಳೋ ಮೊದಲು ಒಂದು ಸಲ, ಕಿತ್ತ ಮೇಲೆ ಒಂದು ಸಲ ಕೋರ್ ಟೆಸ್ಟ್ ಮಾಡಬೇಕು, ನಷ್ಟ 20 ಪರ್ಸೆಂಟ್‌ಗಿಂತ ಹೆಚ್ಚು ಏರಿದ್ರೆ ಕೋರ್ ಕೆಟ್ಟಿದೆಯಾ ಅಂತ ಹುಡುಕಬೇಕು. ಹಾಗಾಗಿ ಮೋಟಾರ್ ಕೊಡೋ ದಿನವೇ ಹೇಳಿಬಿಡಿ: ಎರಡೂ ಕೋರ್ ಟೆಸ್ಟ್ ರೀಡಿಂಗ್, ಹಳೇ ಮತ್ತೆ ಹೊಸ ಟರ್ನ್ ಲೆಕ್ಕ, ವೈರ್ ಗೇಜ್, ಹೊಸ ರೆಸಿಸ್ಟೆನ್ಸ್, ನೋ ಲೋಡ್ ಕರೆಂಟ್, ಇಷ್ಟೂ ಕಾಗದದ ಮೇಲೆ ಬೇಕು ಅಂತ. ಮೊದಲ ಕೋರ್ ಟೆಸ್ಟ್ ಮಾಡೋ ಅವಕಾಶ ಕಾಯಿಲ್ ಕಿತ್ತ ಮೇಲೆ ವಾಪಸ್ ಬರಲ್ಲ, ಆಮೇಲೆ ಕೇಳಿದ್ರೆ ಯಾರ ಹತ್ರನೂ ಇರಲ್ಲ.